ಪಾಳಿಯ ದುಡಿಮೆ, ಪಾಲಾದ ಸಂಸಾರ

ಕಾಮಗೆರೆಯ ಕಡೆ ರೇಷ್ಮೆಹುಳು ಸಾಕುವ ಮನೆಗಳಿಗೆ ರಾತ್ರಿಯ ದುಡಿಮೆ ಹೊಸದಲ್ಲ. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವಿಗೆ ಹಗಲು ರಾತ್ರಿಯ ಭೇದವಿಲ್ಲ. ಹುಳು ಹಣ್ಣಾಯಿತೆಂದರೆ ಚಂದ್ರಿಕೆಗೆ ಬಿಡುವ ತನಕ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಆದರೆ ಅಲ್ಲಿ ಗಂಡ, ಹೆಂಡತಿ, ಮಕ್ಕಳು, ಅಜ್ಜಿ ಎಲ್ಲರೂ ಒಂದೇ ದೀಪದ ಕೆಳಗೆ ಎಚ್ಚರವಾಗಿರುತ್ತಾರೆ. ನಿದ್ದೆ ಕೆಟ್ಟರೂ ಸಂಸಾರ ಒಟ್ಟಿಗಿರುತ್ತದೆ.

ಒಬ್ಬರು ಎಚ್ಚರ, ಉಳಿದವರು ನಿದ್ದೆ ಎಂಬ ಬದುಕು ಯಂತ್ರದ ಜೊತೆ ಬಂತು. 1902ರಲ್ಲಿ ಇಲ್ಲೇ ಹತ್ತಿರದ ಶಿವನಸಮುದ್ರದ ವಿದ್ಯುದಾಗಾರ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸತೊಡಗಿತು. ಆಗ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗಣಿಯ ಯಂತ್ರ ರಾತ್ರಿಯೂ ನಿಲ್ಲದೆಂದ ಮೇಲೆ ಅದಕ್ಕೆ ವಿದ್ಯುತ್ ಒದಗಿಸುವವನೂ ಮಲಗುವಂತಿಲ್ಲವಲ್ಲ!

ಆದರೂ ಇಂಥ ಪಾಳಿಗೆ ಒಂದು ಸರದಿ ಇರುತ್ತದೆ. ಈ ವಾರ ರಾತ್ರಿ, ಮುಂದಿನ ವಾರ ಹಗಲು ಎಂದು ಹೆಂಡತಿ ಮಕ್ಕಳು ಲೆಕ್ಕ ಹಾಕಿಕೊಳ್ಳಬಹುದು. ವಿಮಾನದ ಸಿಬ್ಬಂದಿಗೆ ಆ ಲೆಕ್ಕವೂ ಸಿಗುವುದಿಲ್ಲ. ಇಂದು ನಸುಕಿಗೆ ಹೊರಟವರು ನಾಳಿದ್ದು ನಡುರಾತ್ರಿ ಹೊರಡುತ್ತಾರೆ. ನಡುವಿನ ರಾತ್ರಿ ಬೇರೆ ಊರಿನ ಹೋಟೆಲಿನಲ್ಲಿ. ವಿದೇಶದ ಹಾರಾಟವಾದರೆ ದೇಹದ ಗಡಿಯಾರವೇ ತಪ್ಪುತ್ತದೆ. ಮನೆಗೆ ಬಂದವರಿಗೆ ಮಕ್ಕಳು ಆಡುವ ಹೊತ್ತಿಗೆ ನಿದ್ದೆ, ಮಕ್ಕಳು ಮಲಗಿದ ಮೇಲೆ ಎಚ್ಚರ. 'ಸ್ಟ್ಯಾಂಡ್‌ಬೈ' ಎಂಬುದೊಂದಿದೆ: ಕರೆ ಬಂದರೆ ಹೊರಡಲು ಸಿದ್ಧರಾಗಿ ಮನೆಯಲ್ಲೇ ಕಾಯುವುದು. ಅಂಥ ದಿನ ಮನೆಯಲ್ಲಿದ್ದೂ ಮಗುವಿಗೆ ಸಂಜೆಯ ಮಾತು ಕೊಡುವಂತಿಲ್ಲ. ನನ್ನ ಮಟ್ಟಿಗೆ ಹಾರಾಟದ ದಿನಕ್ಕಿಂತ ಇದೇ ಕಠಿಣ.

ಹೆಂಗಸರ ಪಾಲಿಗಂತೂ ಕಂಪನಿಯ ನಿಯಮ ಹೊತ್ತನ್ನು ಹಂಚುವುದಕ್ಕೆ ನಿಲ್ಲದೆ ಸಂಸಾರದ ಒಳಕ್ಕೇ ಬಂತು. ಏರ್ ಇಂಡಿಯಾದ ಗಗನಸಖಿ ಕೆಲಸಕ್ಕೆ ಸೇರಿ ನಾಲ್ಕು ವರ್ಷದೊಳಗೆ ಮದುವೆಯಾದರೆ, ಇಲ್ಲವೇ ಮೊದಲ ಸಲ ಗರ್ಭಿಣಿಯಾದರೆ, ಕೆಲಸ ಬಿಡಬೇಕಿತ್ತು. ಎರಡೂ ಆಗದಿದ್ದರೆ 35ಕ್ಕೆ ನಿವೃತ್ತಿ. ಅದರಾಚೆ ಮುಂದುವರಿಸುವುದು ವ್ಯವಸ್ಥಾಪಕ ನಿರ್ದೇಶಕರ ಮರ್ಜಿ. ಅದೇ ವಿಮಾನದ ಗಂಡು ಪರ್ಸರ್ 58ರವರೆಗೆ ದುಡಿಯಬಹುದಿತ್ತು. ತಂದೆಯಾದನೆಂದು ಯಾವ ಪರ್ಸರನನ್ನೂ ಇಳಿಸುವ ನಿಯಮವಿರಲಿಲ್ಲ.

ನರ್ಗೇಶ್ ಮಿರ್ಜಾ ಮತ್ತು ಸಂಗಾತಿಗಳು ಇದನ್ನು ಪ್ರಶ್ನಿಸಿದರು. ಸುಪ್ರೀಂ ಕೋರ್ಟಿನ ತೀರ್ಪು 1981ರ ಆಗಸ್ಟ್‌ನಲ್ಲಿ ಬಂತು; ಬರೆದವರು ನ್ಯಾಯಮೂರ್ತಿ ಸೈಯದ್ ಮುರ್ತಜಾ ಫಜಲ್ ಅಲಿ. ಗರ್ಭಿಣಿಯನ್ನು ಕೆಲಸದಿಂದ ತೆಗೆಯುವುದು ಭಾರತದ ಸ್ತ್ರೀತ್ವಕ್ಕೇ ಮಾಡಿದ ಅವಮಾನವೆಂದು ನ್ಯಾಯಾಲಯ ಆ ನಿಯಮವನ್ನು ರದ್ದುಪಡಿಸಿತು. ನಿರ್ದೇಶಕರ ಮರ್ಜಿಯೂ ಬಿತ್ತು. ನಾಲ್ಕು ವರ್ಷ ಮದುವೆ ಬೇಡವೆಂಬ ಷರತ್ತು ಮಾತ್ರ ಉಳಿಯಿತು. ಅದನ್ನು ಸಮರ್ಥಿಸಲು ಕುಟುಂಬ ಯೋಜನೆಯ ಮಾತೂ ಬಂತು. ಒಂದು ಕೈಯಲ್ಲಿ ಮಗುವನ್ನು ಕೊಟ್ಟು ಇನ್ನೊಂದು ಕೈಯಲ್ಲಿ ಮದುವೆಯನ್ನು ಹಿಡಿದುಕೊಂಡ ಈ ತೀರ್ಪನ್ನು ಪೂರ್ಣ ಗೆಲುವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಅಂದು ಜಗಳ ಕೆಲಸ ಉಳಿಸಿಕೊಳ್ಳುವುದಕ್ಕೆ, ಈಗ ನಿದ್ದೆಗೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ 2024ರ ಜನವರಿಯಲ್ಲಿ ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿತು, ರಾತ್ರಿಯ ಇಳಿದಾಣಗಳನ್ನು ಕಡಿತಗೊಳಿಸಿತು. ಎಲ್ಲ ನಿಯಮಗಳೂ ಜಾರಿಗೆ ಬರುವಾಗ 2025ರ ನವೆಂಬರ್ ಆಗಿತ್ತು. ಮರುತಿಂಗಳೇ, ಸಾಕಷ್ಟು ಪೈಲಟ್‌ಗಳಿಲ್ಲದೆ ಇಂಡಿಗೋ ವಿಮಾನಗಳು ಸಾವಿರಗಟ್ಟಲೆ ರದ್ದಾದವು. ಬೆಂಗಳೂರಿನ ನಿಲ್ದಾಣದಲ್ಲೂ ಜನ ಪೆಟ್ಟಿಗೆಗಳ ಮೇಲೆ ಕುಳಿತು ರಾತ್ರಿ ಕಳೆದರು. ಸರಕಾರ ಆ ಸಂಸ್ಥೆಗೆ ರಾತ್ರಿಯ ಕೆಲಸದ ಕೆಲವು ಮಿತಿಗಳಿಂದ ತಾತ್ಕಾಲಿಕ ವಿನಾಯಿತಿ ಕೊಟ್ಟಿತು.