ಲೆನ್ಸಿನ ಬಳೆಯ ಮೇಲಿನ ಅಕ್ಷರಗಳು

ಟೋಕಿಯೊದ ಇಕೆಬುಕುರೊದಲ್ಲಿ ತೋಬು ತೋಜೊ ರೈಲು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ವಾಕೋ-ಶಿ ನಿಲ್ದಾಣ ಬರುತ್ತದೆ. ಸೈತಾಮಾ ಪ್ರಾಂತ್ಯದ ಸಣ್ಣ ನಗರ. 1970ರಲ್ಲಿ ನಗರವಾಗುವವರೆಗೆ ಇದರ ಹೆಸರು ಯಮಾಟೊ ಪಟ್ಟಣ. ಕಾಂಜಿ ಕಲಿತ ನಿಮ್ಮಲ್ಲಿ ಹಲವರಿಗೆ ಗೊತ್ತು, 'ವಾಕೋ' ಎಂದು ಬರೆಯುವ ಎರಡು ಅಕ್ಷರಗಳಲ್ಲಿ ಎರಡನೆಯದರ ಅರ್ಥ ಬೆಳಕು. ಅದೇ ಅಕ್ಷರ 'ಕೋಗಾಕು' ಎಂಬ ಪದದಲ್ಲೂ ಇದೆ. ಕೋಗಾಕು ಎಂದರೆ ದೃಗ್ವಿಜ್ಞಾನ, ಬೆಳಕಿನ ಶಾಸ್ತ್ರ. ಇಂದು ನಾವು ನಿಕಾನ್ ಎಂದು ಕರೆಯುವ ಕಂಪನಿಯ ಮೊದಲ ಹೆಸರು ನಿಪ್ಪಾನ್ ಕೋಗಾಕು. ಅದು ಹುಟ್ಟಿದ್ದು 1917ರಲ್ಲಿ.

ನಿಮ್ಮ ಮನೆಯ ಕಪಾಟಿನಲ್ಲೋ, ನ್ಯೂಜೆರ್ಸಿಯ ಗರಾಜ್ ಸೇಲ್‌ನಲ್ಲೋ, ಟೋಕಿಯೊದ ಹಳೆ ಕ್ಯಾಮೆರಾ ಅಂಗಡಿಯಲ್ಲೋ ಒಂದು ಪುಟ್ಟ, ಭಾರವಾದ, ಹಿತ್ತಾಳೆ ಮತ್ತು ಕ್ರೋಮಿನ ಲೆನ್ಸ್ ಕೈಗೆ ಸಿಕ್ಕರೆ ಅದು ಯಾವುದೆಂದು ಗುರುತಿಸುವುದು ಹೇಗೆ? ಇವತ್ತಿನ ಮಾತು ಅದರ ಬಗ್ಗೆ. ರೇಂಜ್‌ಫೈಂಡರ್ ಕ್ಯಾಮೆರಾ ಎಂದರೆ, ಕಿಂಡಿಯೊಳಗೆ ನೋಡಿದಾಗ ಒಂದೇ ವಸ್ತುವಿನ ಎರಡು ಬಿಂಬ ಕಾಣುತ್ತವೆ. ಲೆನ್ಸ್ ತಿರುಗಿಸುತ್ತಾ ಹೋದರೆ ಅವು ಒಂದರ ಮೇಲೊಂದು ಕೂರುತ್ತವೆ, ಆಗ ಫೋಕಸ್ ಸರಿಯಾಯಿತು ಎಂದರ್ಥ. 1930ರ ದಶಕದಿಂದ 1960ರವರೆಗೆ ಹಲವು ಪತ್ರಿಕಾ ಛಾಯಾಗ್ರಾಹಕರ ಕೊರಳಲ್ಲಿ ಇಂಥವು ತೂಗುತ್ತಿದ್ದವು.

ನಮ್ಮಲ್ಲಿ ಶಾಸನ ಓದುವವರು ಏನು ಮಾಡುತ್ತಾರೆ? ಕಲ್ಲಿನ ಮೇಲೆ ಬರೆದದ್ದನ್ನು ನೋಡುತ್ತಾರೆ, ಆದರೆ ಅದನ್ನಷ್ಟೇ ನಂಬುವುದಿಲ್ಲ. ಅಕ್ಷರದ ಆಕಾರ ಯಾವ ಶತಮಾನದ್ದು, ರಾಜನ ಬಿರುದು ಆ ಕಾಲಕ್ಕೆ ಹೊಂದುತ್ತದೆಯೇ ಎಂದು ಕೇಳುತ್ತಾರೆ. ಹಳೆಯ ಲೆನ್ಸನ್ನೂ ಹಾಗೇ ಓದಬೇಕು. ಮುಂಭಾಗದ ಗಾಜಿನ ಸುತ್ತ ಒಂದು ಬಳೆ ಇರುತ್ತದೆ. ಕಂಪನಿ, ಊರು, ಲೆನ್ಸಿನ ಹೆಸರು, ಅಳತೆ, ಕ್ರಮಸಂಖ್ಯೆ ಎಲ್ಲ ಅದರ ಮೇಲೆ. ಅಲ್ಲಿಂದ ಶುರು ಮಾಡೋಣ.

ನಿಪ್ಪಾನ್ ಕೋಗಾಕುವಿನ ಲೆನ್ಸುಗಳ ಹೆಸರು ನಿಕ್ಕೋರ್. ಅದರ ಪಕ್ಕ ಒಂದು ಅಕ್ಷರ ಇರುತ್ತದೆ: ಕ್ಯೂ, ಪಿ, ಎಚ್, ಎಸ್, ಎನ್. ಇವು ಒಳಗೆ ಎಷ್ಟು ಗಾಜುಗಳಿವೆ ಎಂಬ ಲೆಕ್ಕ. ಗ್ರೀಕ್ ಮತ್ತು ಲ್ಯಾಟಿನ್ ಸಂಖ್ಯೆಗಳ ಮೊದಲಕ್ಷರಗಳನ್ನು ಕಲಸಿ ಮಾಡಿದ್ದು. ಬಾಯಿಪಾಠ ಮಾಡುವುದು ನಿಮಗೆ ಸುಲಭ, ಏಕೆಂದರೆ ಅಜ್ಜಿ ಹೇಳಿಕೊಟ್ಟ ಪಂಚ, ಸಪ್ತ, ನವ ಇವುಗಳ ದೂರದ ನಂಟರೇ ಪೆಂಟೆ, ಸೆಪ್ಟೆಮ್, ನೋವೆಮ್. ಪಿ ಅಂದರೆ ಐದು, ಎಸ್ ಅಂದರೆ ಏಳು, ಎನ್ ಅಂದರೆ ಒಂಬತ್ತು. ಕ್ಯೂ ನಾಲ್ಕು, ಎಚ್ ಆರು. ಆ ಅಕ್ಷರದ ಮುಂದೆ ಚುಕ್ಕೆ ಇಟ್ಟು 'ಸಿ' ಎಂದಿದ್ದರೆ ಗಾಜಿಗೆ ಪ್ರತಿಫಲನ ತಡೆಯುವ ಲೇಪ ಹಚ್ಚಿದ್ದಾರೆ ಎಂದು.

ಇಲ್ಲೊಂದು ಮೋಜಿನ ತೊಡಕಿದೆ. ಕೆಲವು ನಿಕ್ಕೋರ್‌ಗಳ ಬಳೆಯ ಮೇಲಲ್ಲ, ಮೈಮೇಲೆ ಒಂಟಿಯಾಗಿ 'ಸಿ' ಕೆತ್ತಿರುತ್ತದೆ. ಆ 'ಸಿ' ಲೇಪದ್ದಲ್ಲ, ಕಾಂಟ್ಯಾಕ್ಸ್‌ನದು. ನಿಕಾನ್ ಕ್ಯಾಮೆರಾಕ್ಕೆ ಲೆನ್ಸ್ ಕೂರಿಸುವ ಬಾಯಿ ಜರ್ಮನಿಯ ಕಾಂಟ್ಯಾಕ್ಸನ್ನು ನೋಡಿ ಮಾಡಿದ್ದು. ಒಂದರ ಲೆನ್ಸ್ ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಆದರೆ ಎರಡರ ಫೋಕಸ್ ಲೆಕ್ಕದಲ್ಲಿ ಕೂದಲೆಳೆಯ ವ್ಯತ್ಯಾಸ. ಅಗಲ ನೋಟದ ಲೆನ್ಸಿನಲ್ಲಿ ಅದು ಗೊತ್ತಾಗುವುದಿಲ್ಲ, 8.5 ಅಥವಾ 13.5 ಸೆಂಟಿಮೀಟರಿನ ದೂರದ ಲೆನ್ಸಿನಲ್ಲಿ ಚಿತ್ರ ಮಸುಕಾಗುತ್ತದೆ. ಅದಕ್ಕೇ ಕಾಂಟ್ಯಾಕ್ಸ್ ಇಟ್ಟುಕೊಂಡವರಿಗೆಂದು ಬೇರೆ ಮಾಡಿ, ಗುರುತಿಗೆ ಆ 'ಸಿ' ಹಾಕಿದರು. ಅದನ್ನು ಗಮನಿಸದೆ ಕೊಂಡವರು ಲೆನ್ಸೇ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಕೆಟ್ಟಿಲ್ಲ, ಮನೆ ತಪ್ಪಿದೆ ಅಷ್ಟೇ.

ಈಗ ಊರಿನ ಹೆಸರು. ಯುದ್ಧಾನಂತರದ ಮೊದಮೊದಲ ಲೆನ್ಸುಗಳಲ್ಲಿ 'ನಿಪ್ಪಾನ್ ಕೋಗಾಕು ಟೋಕಿಯೊ' ಎಂದಿರುತ್ತದೆ, ಆಮೇಲಿನವುಗಳಲ್ಲಿ 'ಜಪಾನ್'. ಮೈಯ ಹಿಂಭಾಗದಲ್ಲಿ ಇನ್ನೊಂದು ಸಾಲು ಸಿಕ್ಕೀತು: 'ಮೇಡ್ ಇನ್ ಆಕ್ಯುಪೈಡ್ ಜಪಾನ್'. ಆಕ್ರಮಿತ ಜಪಾನಿನಲ್ಲಿ ತಯಾರಾದದ್ದು. 1947ರಿಂದ ರಫ್ತಾಗುವ ಸರಕಿನ ಮೇಲೆ ಹೀಗೆ ಹಾಕಿಸಿದರು. ಅಮೆರಿಕನ್ನರ ಆಳ್ವಿಕೆ 1952ರ ಏಪ್ರಿಲ್ 28ಕ್ಕೆ ಮುಗಿಯಿತು. ಹಾಗಾಗಿ ಈ ಸಾಲಿರುವ ಲೆನ್ಸಿನ ವಯಸ್ಸು ಹೇಳಲು ಬೇರೆ ಪುರಾವೆ ಬೇಡ. ಸಂಗ್ರಾಹಕರು ಇದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. ನನಗಂತೂ ಬೆಲೆಗಿಂತ ಬೇರೊಂದು ಯೋಚನೆ ಬರುತ್ತದೆ: ತನ್ನ ಅತ್ಯುತ್ತಮ ಕೆಲಸದ ಮೇಲೆ ತನ್ನ ಸೋಲನ್ನೂ ತಾನೇ ಕೆತ್ತಬೇಕಾಗಿ ಬಂದ ಕಾರ್ಮಿಕನ ಕೈಯದು. ಬ್ರಿಟಿಷರ ಕಾಲದ ನಾಣ್ಯ ಹಿಡಿದಾಗ ನಮಗೆ ಆಗುವುದೂ ಇಂಥದ್ದೇ ಅಲ್ಲವೇ?

ವಾಕೋಗೆ ಈ ಸಾಲು ದೂರದ್ದಲ್ಲ. ಈ ನಗರ ಮತ್ತು ಪಕ್ಕದ ಅಸಾಕಾದ ನೆಲದಲ್ಲಿ ಅಮೆರಿಕದ ಸೇನೆಯ ಕ್ಯಾಂಪ್ ಡ್ರೇಕ್ ಇತ್ತು. ಇಂದು ಮಕ್ಕಳು ಆಡುವ ವಾಕೋ ಜುರಿನ್ ಉದ್ಯಾನ ಆ ಶಿಬಿರದ ಜಾಗವೇ. 1950ರಲ್ಲಿ ಕೊರಿಯಾ ಯುದ್ಧ ಶುರುವಾದಾಗ ಸೈನಿಕರು ಇಲ್ಲಿಂದ ಹಾದು ರಣರಂಗಕ್ಕೆ ಹೋದರು. ರಜೆಯಲ್ಲಿ ಗಿಂಜಾಕ್ಕೆ ಹೋದವರಿಗೆ ಗಡಿಯಾರ ಗೋಪುರದ ಹತ್ತೋರಿ ಕಟ್ಟಡದಲ್ಲಿ ಸೇನೆಯ ಮಳಿಗೆ ತೆರೆದಿತ್ತು. ಆಮೇಲೆ ಆ ಕಟ್ಟಡದಲ್ಲಿ ನೆಲೆಯಾದ ಅಂಗಡಿಯ ಹೆಸರೂ ವಾಕೋ, ಅವೇ ಎರಡು ಅಕ್ಷರ! ಊರಿಗೂ ಅಂಗಡಿಗೂ ಸಂಬಂಧವಿಲ್ಲ, ಕಾಕತಾಳೀಯ. ಸೇನಾ ಮಳಿಗೆಗಳಲ್ಲಿ ತೆರಿಗೆಯಿಲ್ಲದೆ ಮಾರಿದ ಕ್ಯಾಮೆರಾಗಳ ಮೇಲೆ ವಜ್ರಾಕಾರದ ಚೌಕಟ್ಟಿನೊಳಗೆ 'ಇ ಪಿ' ಎಂಬ ಪುಟ್ಟ ಮುದ್ರೆ ಇರುತ್ತದೆ. ಇಂಥವು ಅಮೆರಿಕದ ಊರುಗಳ ಅಟ್ಟಗಳಲ್ಲಿ ಇಂದಿಗೂ ಸಿಗುವುದು ಸೈನಿಕರ ಚೀಲದಲ್ಲಿ ಹೋದದ್ದರಿಂದ.

ಅದೇ 1950ರ ಬೇಸಿಗೆ. 'ಲೈಫ್' ಪತ್ರಿಕೆಯ ಡೇವಿಡ್ ಡಗ್ಲಸ್ ಡಂಕನ್ ಟೋಕಿಯೊದಲ್ಲಿದ್ದ. ಜಪಾನಿ ಛಾಯಾಗ್ರಾಹಕ ಜುನ್ ಮಿಕಿ 8.5 ಸೆಂಟಿಮೀಟರಿನ ನಿಕ್ಕೋರ್ ಹಾಕಿ ಡಂಕನ್‌ನ ಚಿತ್ರ ತೆಗೆದು ಮುದ್ರಿಸಿ ತಂದ. ಅದರ ಸ್ಪಷ್ಟತೆ ಕಂಡು ಡಂಕನ್ ನಿಪ್ಪಾನ್ ಕೋಗಾಕುವಿನ ಕಾರ್ಖಾನೆಗೇ ಹೋಗಿ, ತನ್ನ ಜರ್ಮನ್ ಲೆನ್ಸುಗಳ ಜೊತೆ ಹೋಲಿಸಿ ನೋಡಿ, ತನ್ನ ಲೈಕಾಕ್ಕೆ ನಿಕ್ಕೋರ್ ಕೊಂಡ. ಕೊರಿಯಾದ ಚಿತ್ರಗಳು ಬಂದವು. ಡಿಸೆಂಬರ್ 10ರಂದು 'ನ್ಯೂಯಾರ್ಕ್ ಟೈಮ್ಸ್' ಈ ಜಪಾನಿ ಉಪಕರಣಗಳ ಬಗ್ಗೆ ಬರೆಯಿತು. ಅಗ್ಗದ ಆಟಿಕೆಗಳ ದೇಶ ಎಂಬ ಮಾತು ಅಲ್ಲಿಂದ ಬದಲಾಗತೊಡಗಿತು.

ಅಪರೂಪ ಎಂದರೆ ಯಾವುದು? ಡಂಕನ್ ಕೈಗೆ ಬಂದ ಬಗೆಯ ಲೆನ್ಸುಗಳು ಹೇರಳ. ಅಪರೂಪವಾದದ್ದು 5 ಸೆಂಟಿಮೀಟರಿನ ನಿಕ್ಕೋರ್-ಎಸ್.ಸಿ., ಬಳೆಯ ಮೇಲೆ 1:1.5 ಎಂದಿರುವುದು. ಬೇಗನೆ ಅದನ್ನು ನಿಲ್ಲಿಸಿ 1:1.4 ತಂದರು. ಒಂದೇ ಒಂದು ಅಂಕಿಯ ವ್ಯತ್ಯಾಸ! ಮೊದಲನೆಯದು ಸಾವಿರಕ್ಕೂ ಕಡಿಮೆ, ಎರಡನೆಯದು ಹತ್ತಾರು ಸಾವಿರ. ಅದರ ಕ್ರಮಸಂಖ್ಯೆ 905 ಎಂದು ಶುರುವಾಗುವುದುಂಟು. 9 ಎಂದರೆ 1949, 05 ಎಂದರೆ ಮೇ. ನಿಕಾನ್‌ನ ಮೊದಲ ಕ್ಯಾಮೆರಾದ ಸಂಖ್ಯೆ 609 ಎಂದು ತೊಡಗುವುದೂ ಹೀಗೇ, 1946ರ ಸೆಪ್ಟೆಂಬರ್. ಇಂಥ ವಿಷಯಗಳಲ್ಲಿ ಎಷ್ಟೋ ಕಂಪನಿಯ ದಾಖಲೆಯಿಂದ ತಿಳಿದದ್ದಲ್ಲ. ರಾಬರ್ಟ್ ರೊಟೊಲೋನಿಯಂಥವರು ಉಳಿದಿರುವ ಒಂದೊಂದೇ ಲೆನ್ಸಿನ ಸಂಖ್ಯೆ ಬರೆದಿಟ್ಟು ಪಟ್ಟಿ ಕಟ್ಟಿದ್ದರಿಂದ ತಿಳಿದದ್ದು. ನಿಮ್ಮ ಕಪಾಟಿನದೂ ಆ ಪಟ್ಟಿಯ ಒಂದು ಸಾಲಾದೀತು.

ಬೆಲೆ ಬಂದಲ್ಲಿ ಮೋಸವೂ ಬರುತ್ತದೆ. ನಮ್ಮ ಶಾಸನ ಪಂಡಿತರು ನಕಲಿ ತಾಮ್ರಪಟಗಳನ್ನು ಕೂಟಶಾಸನ ಎನ್ನುತ್ತಾರೆ. ಲೆನ್ಸುಗಳಲ್ಲೂ ಕೂಟಶಾಸನಗಳಿವೆ. ಸೋವಿಯತ್ ರಷ್ಯದ ಜುಪಿಟರ್ ಲೆನ್ಸುಗಳಲ್ಲಿ ಹಲವು ಜರ್ಮನಿಯ ಜೈಸ್ ಸೊನ್ನಾರ್‌ನ ವಿನ್ಯಾಸದವೇ. ಅದರ ಬಳೆ ಬದಲಿಸಿ 'ಕಾರ್ಲ್ ಜೈಸ್ ಯೇನಾ' ಎಂದು ಕೆತ್ತಿದ್ದು ಲೆಕ್ಕವಿಲ್ಲದಷ್ಟು ಓಡಾಡುತ್ತಿವೆ. ಬಳೆ ಬದಲಿಸುವುದು ಸುಲಭ, ಯಂತ್ರ ಬದಲಿಸುವುದು ಕಷ್ಟ. ಲೈಕಾ ಥ್ರೆಡ್ಡಿನ 1:1.4 ನಿಕ್ಕೋರ್ ತಿರುಗಿಸಿ ನೋಡಿ: ಮೂರೂವರೆ ಅಡಿಯ ಹತ್ತಿರ ರೇಂಜ್‌ಫೈಂಡರಿನ ಕೊಂಡಿ ಬಿಟ್ಟ ಮೇಲೂ ಅದು ಒಂದೂವರೆ ಅಡಿಯವರೆಗೆ ತಿರುಗುತ್ತದೆ. ಈ ನಡೆಯನ್ನು ಯಾವ ಕೆತ್ತನೆಗಾರನೂ ಕೆತ್ತಲಾರ.

ಎಲ್ಲ ಬೆರಕೆಯೂ ಮೋಸವಲ್ಲ. 1936ರ ಹನ್ಸಾ ಕ್ಯಾನನ್ ಮೇಲೆ ನಿಕ್ಕೋರ್ ಲೆನ್ಸ್ ಕಂಡರೆ ಯಾರೋ ಬದಲಿಸಿದ್ದಾರೆ ಎನ್ನಬೇಡಿ. ಆಗ ಕ್ಯಾನನ್‌ಗೆ ಸ್ವಂತ ಲೆನ್ಸೇ ಇರಲಿಲ್ಲ, ನಿಪ್ಪಾನ್ ಕೋಗಾಕುವೇ ಮಾಡಿಕೊಡುತ್ತಿತ್ತು. ಹಾಗೆಯೇ 2000 ಮತ್ತು 2005ರಲ್ಲಿ ನಿಕಾನ್ ತನ್ನ ಹಳೆಯ ಎಸ್3, ಎಸ್‌ಪಿ ಕ್ಯಾಮೆರಾಗಳನ್ನು ಲೆನ್ಸಿನ ಸಮೇತ ಮತ್ತೆ ತಯಾರಿಸಿತು. ಅವು ಅಸಲಿ, ಆದರೆ ಹಳೆಯವಲ್ಲ. ದೀಪದ ಕೆಳಗೆ ಓರೆಯಾಗಿ ಹಿಡಿದರೆ ಹಳೆಯ ಒಂಟಿ ಲೇಪದ ಗಾಜು ನೀಲಿ-ನೇರಳೆಯಾಗಿ ಹೊಳೆಯುತ್ತದೆ, ಹೊಸದರ ಹಲವು ಪದರದ ಲೇಪದಲ್ಲಿ ಹಸಿರೂ ಸೇರುತ್ತದೆ.

ಮತ್ತೆ ವಾಕೋಗೆ ಬರೋಣ. ನಿಲ್ದಾಣದಿಂದ ನಡೆಯುವಷ್ಟು ದೂರದಲ್ಲಿ ರಿಕೆನ್ ಎಂಬ ದೊಡ್ಡ ಸಂಶೋಧನಾ ಸಂಸ್ಥೆ ಇದೆ. ಭಾರತದ ವಿಜ್ಞಾನಿಗಳೂ ಅಲ್ಲಿ ಕೆಲಸ ಮಾಡುತ್ತಾರೆ. ಅದೂ 1917ರಲ್ಲೇ, ಟೋಕಿಯೊದಲ್ಲಿ ಹುಟ್ಟಿ, 1960ರ ದಶಕದಲ್ಲಿ ಇಲ್ಲಿಗೆ ಬಂತು. ತನ್ನ ಸಂಶೋಧನೆಗಳನ್ನು ಮಾರಲು ಅದು ಹತ್ತಾರು ಕಂಪನಿ ಹುಟ್ಟುಹಾಕಿತ್ತು. 1936ರಲ್ಲಿ ಫೋಟೊ ಕಾಗದಕ್ಕೆಂದು ಶುರುವಾದದ್ದು ಅವುಗಳಲ್ಲೊಂದು. ಅದು ರಿಕೆನ್ ಆಪ್ಟಿಕಲ್ ಆಗಿ, 1963ರಲ್ಲಿ ರಿಕೋ ಆಯಿತು. ಅದರ 1950ರ ದಶಕದ ರೇಂಜ್‌ಫೈಂಡರ್ ಕ್ಯಾಮೆರಾಗಳ ಬಳೆಯಲ್ಲಿ 'ರಿಕೆನ್' ಎಂಬ ಹೆಸರನ್ನು ನೀವು ಓದಬಹುದು. ಕಂಪನಿ ರಿಕೋ ಆದ ಮೇಲೂ ಲೆನ್ಸುಗಳು ಬಹುಕಾಲ 'ರಿಕೆನಾನ್' ಆಗಿಯೇ ಉಳಿದವು. ಇವು ದುಬಾರಿಯಲ್ಲ, ಅಪರೂಪವೂ ಅಲ್ಲ. ಕೈ ಪಳಗಿಸಿಕೊಳ್ಳಲು ಇದಕ್ಕಿಂತ ಒಳ್ಳೆಯದು ಸಿಗದು.

ಹಳೆಯ ಲೆನ್ಸ್ ಸಿಕ್ಕಾಗ ಒಂದು ಕೆಲಸ ಮಾತ್ರ ಮಾಡಬೇಡಿ. ಕೊಳೆ ಎಂದು ಬಳೆಯನ್ನು ಉಜ್ಜಬೇಡಿ. ಅಕ್ಷರದೊಳಗಿನ ಬಣ್ಣ ಒಮ್ಮೆ ಹೋದರೆ ಹೋಯಿತು. ಮೊದಲು ಫೋನಿನಲ್ಲಿ ಬಳೆಯ, ಹಿಂಭಾಗದ, ಮೈಮೇಲಿನ ಒಂದೊಂದು ಗುರುತಿನ ಚಿತ್ರ ತೆಗೆದಿಡಿ. ಮನೆಯ ಹಿರಿಯರು ಯಾರಾದರೂ ಅದನ್ನು ತಂದವರಾಗಿದ್ದರೆ, ಎಲ್ಲಿ, ಯಾವ ವರ್ಷ, ಎಷ್ಟಕ್ಕೆ ಎಂದು ಇವತ್ತೇ ಕೇಳಿ ಬರೆದಿಟ್ಟುಕೊಳ್ಳಿ.