ಬೆಚ್ಚನೆಯ ಗಾಳಿಗೊಂದು ದಾರಿ, ಹೊಗೆಗೊಂದು ದಾರಿ

ಗದಗ ಜಿಲ್ಲೆ ರೋಣ ತಾಲೂಕಿನ ಹೊಳೆಆಲೂರು ಮಲಪ್ರಭೆಯ ದಂಡೆಯ ಮೇಲಿನ ಊರು. ಈ ಸೀಮೆಯ ಹಳೆಯ ಮನೆಗಳೆಂದರೆ ಮಣ್ಣಿನ ಮಾಳಿಗೆಯವು. ದಪ್ಪ ಗೋಡೆ, ಗಿಡ್ಡ ಬಾಗಿಲು, ಬೀದಿಯ ಕಡೆಗೆ ಕಿಟಕಿ ಅಪರೂಪ. ಒಳಗೆ ಹೋಗಿ ತಲೆ ಎತ್ತಿದರೆ ಮಾಳಿಗೆಯಲ್ಲೊಂದು ಕಿಂಡಿ ಕಾಣುತ್ತದೆ. ಅದೇ ಬೆಳಕಿಂಡಿ. ಹೆಸರು ಬೆಳಕಿನದಾದರೂ ಅದರ ಕೆಲಸ ಎರಡು. ಹಗಲು ಅದರಿಂದ ಬೆಳಕು ಇಳಿಯುತ್ತದೆ, ಒಲೆ ಹಚ್ಚಿದಾಗ ಹೊಗೆ ಏರುತ್ತದೆ. ಮಳೆ ಬಂದರೆ ಮಾಳಿಗೆ ಹತ್ತಿ ಮುಚ್ಚುತ್ತಾರೆ, ನಿಂತ ಮೇಲೆ ತೆಗೆಯುತ್ತಾರೆ.

ಈ ಮನೆಗಳನ್ನು ಕಟ್ಟಿದವರು ಯಾವ ಎಂಜಿನಿಯರಿಂಗ್ ಕಾಲೇಜಿಗೂ ಹೋದವರಲ್ಲ. ಆದರೆ ಬೆಂಕಿ ಎಲ್ಲಿದೆಯೋ ಅಲ್ಲಿ ಹೊಗೆಗೊಂದು ದಾರಿ ಇರಬೇಕು ಎಂಬುದು ಅವರಿಗೆ ಗೊತ್ತಿತ್ತು. ಇಂದು ಕಾರ್ಖಾನೆ, ಗೋದಾಮು, ಕೋಳಿ ಫಾರ್ಮುಗಳಲ್ಲಿ ಕೂರಿಸುವ ದೊಡ್ಡ ಬಿಸಿಗಾಳಿ ಯಂತ್ರಗಳ ಇತಿಹಾಸವೂ ಮೂಲತಃ ಈ ಒಂದು ಮಾತಿನ ಇತಿಹಾಸವೇ ಆಗಿದೆ.

ಹೊಗೆಯಿಲ್ಲದ ಕೆಂಡ

ಈಗ ಮಾಳಿಗೆ ಮನೆಗಳ ಜಾಗದಲ್ಲಿ ಆರ್‌ಸಿಸಿ ಮನೆಗಳು ಬಂದಿವೆ. ಕಾಂಕ್ರೀಟಿನ ಛಾವಣಿಗೆ ಬೆಳಕಿಂಡಿ ಇಲ್ಲ, ಕಿಟಕಿಗೆ ಗಾಜು, ಬಾಗಿಲಿಗೆ ಸಂದಿಯಿಲ್ಲದ ಚೌಕಟ್ಟು. ಮನೆ ಬದಲಾದರೂ ರೂಢಿ ಬದಲಾಗಿಲ್ಲ. ಬಾಣಂತಿಯ ಹೊರಸಿನ ಕೆಳಗೆ ಶೇಗಡಿಯಲ್ಲಿ ಕೆಂಡ ಇಡುವುದು ಉತ್ತರ ಕರ್ನಾಟಕದ ಹಳೆಯ ಪದ್ಧತಿ. ತಾಯಿ-ಮಗುವಿಗೆ ಥಂಡಿ ತಾಗಬಾರದೆಂದು ಕಿಟಕಿ, ಬಾಗಿಲು ಎಲ್ಲವನ್ನೂ ಮುಚ್ಚುತ್ತಾರೆ. ಅಜ್ಜಿಯ ಕಾಲದಲ್ಲಿ ನಡೆದದ್ದು ಈಗೇಕೆ ನಡೆಯಬಾರದು ಎಂಬುದು ಅವರ ಪ್ರಶ್ನೆ. ಅಜ್ಜಿಯ ಮನೆಗೆ ಬೆಳಕಿಂಡಿ ಇತ್ತು ಎಂಬುದೇ ಉತ್ತರ.

ಕಟ್ಟಿಗೆಯ ಹೊಗೆ ಕಣ್ಣು ಉರಿಸಿ ನಮ್ಮನ್ನು ಎಚ್ಚರಿಸುತ್ತದೆ. ಇದ್ದಿಲು ಹಾಗಲ್ಲ. ಕೆಂಪಗೆ ಹೊಳೆಯುವ ಕೆಂಡದಲ್ಲಿ ಹೊಗೆಯೇ ಕಾಣದು. ಆದರೆ ಸಾಕಷ್ಟು ಗಾಳಿ ಸಿಗದೆ ಉರಿಯುವ ಯಾವುದೇ ಇಂಧನ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ಮಂಪರು, ಕೊನೆಗೆ ಏಳಲಾಗದ ನಿದ್ದೆ. ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ ಈ ಅನಿಲದ ಸುಳಿವು ಹಿಡಿಯಲು ಪಂಜರದ ಹಕ್ಕಿಗಳನ್ನು ಒಯ್ಯುತ್ತಿದ್ದರು. 1890ರ ದಶಕದಲ್ಲಿ ವಿಜ್ಞಾನಿ ಜಾನ್ ಸ್ಕಾಟ್ ಹಾಲ್ಡೇನ್ ಸೂಚಿಸಿದ ಈ ಉಪಾಯ 1986ರವರೆಗೂ ಬಳಕೆಯಲ್ಲಿತ್ತು.

ಅಪಾಯ ಶೇಗಡಿಗೆ ಮಾತ್ರ ಸೀಮಿತವಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್ ಎಂಬ ಗಿರಿಧಾಮದಲ್ಲಿ ಕೇರಳದ ಎಂಟು ಪ್ರವಾಸಿಗರು ಮಲಗಿದಲ್ಲೇ ಉಸಿರುಗಟ್ಟಿ ತೀರಿಕೊಂಡರು. ಅವರಲ್ಲಿ ನಾಲ್ವರು ಮಕ್ಕಳು. ಕೋಣೆ ಬೆಚ್ಚಗಾಗಲೆಂದು ಗ್ಯಾಸ್ ಹೀಟರ್ ಹಚ್ಚಿ ಕಿಟಕಿ, ಬಾಗಿಲು ಮುಚ್ಚಿಕೊಂಡಿದ್ದರು. ಕೊರತೆ ಇದ್ದದ್ದು ಹೊಗೆ ಹೊರಗೆ ಹೋಗುವ ದಾರಿಯದು.

ಹೊಳೆ ದಾಟಿದ ಎಂಜಿನ್

ಹಾಗಾದರೆ ಬೆಂಕಿಯ ಶಾಖವನ್ನು ಇಟ್ಟುಕೊಂಡು ಅದರ ಹೊಗೆಯನ್ನು ಮಾತ್ರ ಹೊರಗೆ ಕಳಿಸುವುದು ಹೇಗೆ? ಹೊಳೆಆಲೂರಿನ ಹಿರಿಯರು ಅದರ ಉತ್ತರವನ್ನು ತಮ್ಮ ರೈಲು ನಿಲ್ದಾಣದಲ್ಲೇ ನೋಡಿದ್ದಾರೆ. ಸದರ್ನ್ ಮರಾಠಾ ರೈಲ್ವೆ ಕಂಪನಿಯು ಹೋಟಗಿ-ಗದಗ ಮೀಟರ್ ಗೇಜ್ ಮಾರ್ಗವನ್ನು 1884ರಲ್ಲಿ ತೆರೆಯಿತು. ಆ ಮಾರ್ಗ ಈಗ ಬ್ರಾಡ್ ಗೇಜ್ ಆಗಿದೆ, ಉಗಿಬಂಡಿಗಳ ಕಾಲ ಮುಗಿದಿದೆ. ಆದರೆ ಆ ಎಂಜಿನ್ನಿನ ಹೊಟ್ಟೆಯಲ್ಲಿದ್ದ ಉಪಾಯ ಹಳೆಯದಾಗಿಲ್ಲ. ಕಲ್ಲಿದ್ದಲಿನ ಬೆಂಕಿ ಒಂದು ತುದಿಯ ಪೆಟ್ಟಿಗೆಯಲ್ಲಿ. ಅದರ ಬಿಸಿ ಹೊಗೆ ಹತ್ತಾರು ಕೊಳವೆಗಳ ಒಳಗಿಂದ ಹಾದು ಮುಂದಿನ ಚಿಮಣಿಯಲ್ಲಿ ಹೊರಬೀಳುತ್ತಿತ್ತು. ಕೊಳವೆಗಳ ಹೊರಗೆ ನೀರು. ಶಾಖ ಕಬ್ಬಿಣದ ಗೋಡೆಯನ್ನು ದಾಟಿ ನೀರಿಗೆ ಬರುತ್ತಿತ್ತು, ಹೊಗೆ ದಾಟುತ್ತಿರಲಿಲ್ಲ.

ಇಲ್ಲಿ ನೀರಿನ ಬದಲು ಗಾಳಿಯನ್ನು ಹಾಯಿಸಿದರೆ ಅದೇ ಬಿಸಿಗಾಳಿ ಯಂತ್ರ. ಒಳಗೆ ಉರಿ, ಸುತ್ತ ಲೋಹದ ಗೋಡೆ, ಅದರ ಹೊರಮೈಗೆ ಫ್ಯಾನು ಬೀಸುವ ಶುದ್ಧ ಗಾಳಿ. ಗಾಳಿ ಕಟ್ಟಡದೊಳಗೆ, ಹೊಗೆ ಕಟ್ಟಡದ ಹೊರಗೆ.

ಈ ಯೋಚನೆ ಬೆಳೆದುಬಂದದ್ದರಲ್ಲಿ ಹತ್ತಿಯ ಪಾತ್ರವೂ ಇದೆ ಎಂಬುದು ಹತ್ತಿ ಬೆಳೆಯುವ ಈ ಎರೆನೆಲದವರಿಗೆ ಆಸಕ್ತಿ ಹುಟ್ಟಿಸೀತು. ಇಂಗ್ಲೆಂಡಿನ ಬೆಲ್ಪರ್ ಎಂಬಲ್ಲಿದ್ದ ಸ್ಟ್ರಟ್ ಮನೆತನದ ನೂಲಿನ ಗಿರಣಿಯೊಂದು 1803ರಲ್ಲಿ ಸುಟ್ಟುಹೋಯಿತು. ಮರದ ತೊಲೆ, ಎಣ್ಣೆ ಹೀರಿದ ನೆಲ, ಹಾರಾಡುವ ಹತ್ತಿಯ ಎಳೆ. ಅಂಥ ಕಡೆ ಒಂದು ಕಿಡಿ ಸಾಕು. ವಿಲಿಯಂ ಸ್ಟ್ರಟ್ 1804ರಲ್ಲಿ ಅದನ್ನು ಕಬ್ಬಿಣದ ಕಂಬ, ಇಟ್ಟಿಗೆಯ ಕಮಾನುಗಳಿಂದ ಮತ್ತೆ ಕಟ್ಟಿಸಿದ. ಕಟ್ಟಡಗಳನ್ನು ಬಿಸಿಗಾಳಿಯಿಂದ ಬೆಚ್ಚಗಿಡುವ ಒಲೆಯನ್ನು ರೂಪಿಸಿದವನೂ ಇವನೇ. 1810ರಲ್ಲಿ ತೆರೆದ ಡರ್ಬಿ ನಗರದ ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಹೆಸರು ಮಾಡಿತು. ಹೊರಗಿನ ಗಾಳಿ ನೆಲದಡಿಯ ಸುರಂಗದಿಂದ ಬಂದು, ಕೆಳಮನೆಯ ಮುಚ್ಚಿದ ಒಲೆಯ ಹೊರಮೈಗೆ ತಾಗಿ ಬಿಸಿಯಾಗಿ, ಕೊಳವೆಗಳಲ್ಲಿ ವಾರ್ಡುಗಳಿಗೆ ಏರುತ್ತಿತ್ತು. ಕೆಟ್ಟ ಗಾಳಿ ಛಾವಣಿಯಿಂದ ಹೊರಹೋಗುತ್ತಿತ್ತು. ಚಾರ್ಲ್ಸ್ ಸಿಲ್ವೆಸ್ಟರ್ ಎಂಬಾತ 1819ರಲ್ಲಿ ಇದನ್ನು ವಿವರಿಸಿ ಪುಸ್ತಕವನ್ನೇ ಬರೆದ.

ಹುಣಸೂರಿನ ಬ್ಯಾರನ್ನು

ಬಿಸಿಲಿನ ನಾಡಾದ ಕರ್ನಾಟಕಕ್ಕೆ ಬಿಸಿಗಾಳಿ ಯಂತ್ರವೇಕೆ ಎಂದು ಕೇಳಬಹುದು. ನಮ್ಮಲ್ಲಿ ಇದು ಮನುಷ್ಯರಿಗಿಂತ ಹೆಚ್ಚಾಗಿ ಎಲೆಗೆ, ಹುಳುವಿಗೆ, ಮರಿಗೆ ಬೇಕಾಯಿತು.

ಹುಣಸೂರು, ಪಿರಿಯಾಪಟ್ಟಣದ ಕಡೆ ಪ್ರಯಾಣ ಮಾಡಿದವರು ಹೊಲಗಳ ನಡುವೆ ಚೌಕಾಕಾರದ, ಎತ್ತರದ, ಕಿಟಕಿಯಿಲ್ಲದ ಕಟ್ಟಡಗಳನ್ನು ನೋಡಿರುತ್ತಾರೆ. ಅವು ವರ್ಜೀನಿಯಾ ತಂಬಾಕನ್ನು ಹದಗೊಳಿಸುವ ಬ್ಯಾರನ್‌ಗಳು. ಬೆಂಕಿಯ ಬಾಯಿ ಗೋಡೆಯ ಹೊರಗೆ. ಒಳಗೆ ನೆಲದ ಹತ್ತಿರ ತಗಡಿನ ದಪ್ಪ ಕೊಳವೆಗಳು ಸುತ್ತಿ ಬಂದು ಚಿಮಣಿಯಾಗಿ ಹೊರಬೀಳುತ್ತವೆ. ಮೇಲೆ ಕಡ್ಡಿಗಳಿಗೆ ಕಟ್ಟಿದ ಹಸಿ ಎಲೆ. ಸುಮಾರು 35 ಡಿಗ್ರಿ ಸೆಲ್ಸಿಯಸ್‌ನಿಂದ ಆರಂಭಿಸಿ ಕೊನೆಗೆ 70 ಡಿಗ್ರಿಯ ಆಸುಪಾಸಿಗೆ ಹಲವು ದಿನಗಳಲ್ಲಿ ಕ್ರಮವಾಗಿ ಶಾಖ ಏರಿಸುತ್ತಾರೆ.

ಈ ವಿದ್ಯೆ ಬಂದದ್ದು ಅಮೆರಿಕದಿಂದ. 1839ರಲ್ಲಿ ಉತ್ತರ ಕ್ಯಾರೊಲಿನಾದ ಹೊಲವೊಂದರಲ್ಲಿ ಸ್ಟೀಫನ್ ಎಂಬ ಗುಲಾಮ ಬೆಂಕಿ ಕಾಯುತ್ತ ನಿದ್ದೆ ಹೋದ. ಎಚ್ಚರವಾದಾಗ ಆರುತ್ತಿದ್ದ ಬೆಂಕಿಗೆ ಗಾಬರಿಯಿಂದ ಇದ್ದಿಲು ಸುರಿದ. ಎಲೆ ಹೊಂಬಣ್ಣಕ್ಕೆ ತಿರುಗಿತು ಎಂಬುದು ಅಲ್ಲಿ ಹೇಳಿಕೊಂಡು ಬಂದ ಕಥೆ. ಬಳಿಕ ತೆರೆದ ಇದ್ದಿಲ ಬೆಂಕಿ ಹೋಗಿ ಹೊಗೆ ಕೊಳವೆಗಳು ಬಂದವು. ಆದರೂ ಬ್ಯಾರನ್ನಿಗೆ ಬೆಂಕಿ ಬೀಳುವುದು ನಿಂತಿಲ್ಲ. ಒಣಗಿದ ಎಲೆಯೊಂದು ಕಳಚಿ ಕಾದ ಕೊಳವೆಯ ಮೇಲೆ ಬಿದ್ದರೆ ಒಂದು ಹಂಗಾಮಿನ ದುಡಿಮೆ ಬೂದಿ. ಕೊಳವೆಯ ಮೇಲೆ ತಂತಿಬಲೆ ಹಾಸುವುದು ಆ ಕಾರಣಕ್ಕೇ.

ರೇಷ್ಮೆಯದು ಇನ್ನೂ ಸೂಕ್ಷ್ಮ. ಎಳೆಯ ಹುಳುಗಳ ಚಾಕಿ ಸಾಕಣೆಗೆ 27ರಿಂದ 28 ಡಿಗ್ರಿ ಶಾಖ ಬೇಕು. ಚಳಿಗಾಲದಲ್ಲಿ ಇದ್ದಿಲ ಒಲೆ ಇಟ್ಟು ಹುಳುಮನೆಯನ್ನು ಮುಚ್ಚಿದರೆ ಮೊದಲು ಸೊರಗುವುದು ಹುಳು. ಕೋಳಿಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬೇಕು, ಆಮೇಲೆ ವಾರವಾರಕ್ಕೂ ಇಳಿಸಬೇಕು. ಶೆಡ್ಡಿನ ಸುತ್ತ ಪರದೆ ಇಳಿಬಿಟ್ಟು ರಾತ್ರಿಯಿಡೀ ಉರಿ ಹಚ್ಚುವ ಇಂಥ ಕಡೆಗಳಲ್ಲೇ ಈಗ ಡೀಸೆಲ್ ಅಥವಾ ಗ್ಯಾಸಿನ ಬಿಸಿಗಾಳಿ ಯಂತ್ರಗಳು ಕೂರುತ್ತಿವೆ. ಮರಿಗಳ ಜತೆ ಅಲ್ಲೇ ಮಲಗುವ ಆಳುಮಗನೊಬ್ಬ ಇರುತ್ತಾನೆ ಎಂಬುದನ್ನು ಮರೆಯುವಂತಿಲ್ಲ.

ಕೂರಿಸುವ ಮುನ್ನ

ಯಂತ್ರ ಎಷ್ಟೇ ಒಳ್ಳೆಯದಿರಲಿ, ಕೂರಿಸಿದ ರೀತಿ ತಪ್ಪಿದರೆ ಅದು ಶೇಗಡಿಯೇ. ಮೊದಲನೆಯದು ಜಾಗ. ಉರಿಯದ ನೆಲ, ಸುತ್ತಲೂ ತಯಾರಕರು ಹೇಳಿದಷ್ಟು ಬಿಡುವು. ಹತ್ತಿ, ಗೋಣಿಚೀಲ, ಹೊಟ್ಟು ಅದರ ಹತ್ತಿರ ಸುಳಿಯಬಾರದು. ಎರಡನೆಯದು ಚಿಮಣಿ. ಅದು ಆದಷ್ಟು ನೆಟ್ಟಗೆ ಏರಿ ಛಾವಣಿಯನ್ನು ಮೀರಿ ನಿಲ್ಲಬೇಕು. ಹಂಗಾಮಿಗೊಮ್ಮೆ ಹಚ್ಚುವ ಯಂತ್ರವಾದರೆ ಹಕ್ಕಿ ಗೂಡು ಕಟ್ಟಿದೆಯೇ ಎಂದು ಮೊದಲು ನೋಡಬೇಕು.

ಮೂರನೆಯದನ್ನು ಬಹಳ ಮಂದಿ ಮರೆಯುತ್ತಾರೆ: ಉರಿಗೂ ಉಸಿರು ಬೇಕು. ಯಂತ್ರವಿರುವ ಕೋಣೆಗೆ ಮುಚ್ಚಲಾಗದಂಥ ಗಾಳಿಕಿಂಡಿ ಇರಲೇಬೇಕು. ಅದೇ ಕೋಣೆಯಲ್ಲಿ ಗಾಳಿ ಹೊರಹಾಕುವ ಫ್ಯಾನು ತಿರುಗುತ್ತಿದ್ದರೆ ಅದು ಚಿಮಣಿಯ ಹೊಗೆಯನ್ನೇ ಕೆಳಕ್ಕೆ ಎಳೆದುಕೊಳ್ಳಬಹುದು. ಬಿಸಿ ಮಾಡಲು ಮರಳಿ ತರುವ ಗಾಳಿಯನ್ನೂ ಯಂತ್ರದ ಕೋಣೆಯಿಂದ ಎಳೆಯಬಾರದು. ಬೇರೆ ಕೊಳವೆಯಲ್ಲಿ ತರಬೇಕು.

ಗ್ಯಾಸ್ ಬಳಸುವುದಾದರೆ ಸಿಲಿಂಡರು ಕಟ್ಟಡದ ಹೊರಗಿರಬೇಕು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ತಗ್ಗಿನಲ್ಲಿ, ಚರಂಡಿಯಲ್ಲಿ ತುಂಬಿಕೊಳ್ಳುತ್ತದೆ. ಉರಿ ಆರಿದರೆ ಗ್ಯಾಸನ್ನು ತಾನೇ ಕಡಿಯುವ, ಮಿತಿಮೀರಿ ಕಾದರೆ ಉರಿಯನ್ನು ನಿಲ್ಲಿಸುವ ಏರ್ಪಾಡುಗಳನ್ನು ಎಂದೂ ಬೈಪಾಸ್ ಮಾಡಬಾರದು. ಉರಿ ನಿಂತ ಮೇಲೂ ಫ್ಯಾನು ಸ್ವಲ್ಪ ಹೊತ್ತು ತಿರುಗಿ ಒಳಗಿನ ಲೋಹವನ್ನು ತಣಿಸಬೇಕು. ಆದ್ದರಿಂದ ಮೇನ್ ಸ್ವಿಚ್ ಎಳೆದು ಯಂತ್ರ ನಿಲ್ಲಿಸುವುದು ತಪ್ಪು. ಪದೇಪದೇ ಕರೆಂಟು ಹೋಗುವ ಊರಿನಲ್ಲಿ ಈ ಫ್ಯಾನಿಗೆ ಬದಲಿ ವಿದ್ಯುತ್ ಇರುವುದು ಒಳ್ಳೆಯದು. ಹೀಗೆ ತಣಿಯದೆ ಪದೇಪದೇ ಕಾದ ಲೋಹ ಕ್ರಮೇಣ ಬಿರುಕು ಬಿಡುತ್ತದೆ. ಬಿರುಕು ಬಿಟ್ಟ ದಿನ ಎರಡು ದಾರಿಗಳೂ ಒಂದಾಗಿ ವಿಷಗಾಳಿ ಒಳಗೆ ಹರಿಯತೊಡಗುತ್ತದೆ. ವರ್ಷಕ್ಕೊಮ್ಮೆ ಬಲ್ಲವರಿಂದ ತಪಾಸಣೆ, ಮಲಗುವ ಜಾಗದಲ್ಲೊಂದು ಕಾರ್ಬನ್ ಮಾನಾಕ್ಸೈಡ್ ಅಲಾರಂ ಬೇಕೆನ್ನುವುದು ಇದಕ್ಕಾಗಿ. ಗಣಿಯ ಹಕ್ಕಿಯ ಕೆಲಸವನ್ನು ಈಗ ಮಾಡುವುದು ಆ ಪುಟ್ಟ ಪೆಟ್ಟಿಗೆ.

ಹೊಳೆಆಲೂರಿನಂಥ ಊರುಗಳಲ್ಲಿ ಇನ್ನು ಯಾರೂ ಮಣ್ಣಿನ ಮಾಳಿಗೆ ಹಾಕಿಸಲಾರರು. ಹಾಕಿಸಬೇಕೆಂದು ಹೇಳುವುದೂ ಸರಿಯಲ್ಲ. ಆದರೆ ಆ ಮಾಳಿಗೆಯ ಕಿಂಡಿಯಲ್ಲಿದ್ದ ವಿವೇಕವನ್ನು ಹೊಸ ಕಟ್ಟಡಕ್ಕೂ ತರಬಹುದು. ಈ ಚಳಿಗಾಲದಲ್ಲಿ ಬಾಣಂತಿಯ ಕೋಣೆಗೆ ಕೆಂಡ ಒಯ್ಯುವ ಮುನ್ನ, ಕೋಳಿ ಶೆಡ್ಡಿನ ಪರದೆ ಇಳಿಸುವ ಮುನ್ನ ಒಮ್ಮೆ ತಲೆ ಎತ್ತಿ ನೋಡಿದರೆ ಸಾಕು: ಹೊಗೆ ಹೋಗಲು ದಾರಿ ಇದೆಯೇ?