ಒಂದೇ ಟಿಕೆಟ್, ಎರಡು ಸಿನಿಮಾ

ಸುದ್ದಿಮನೆಯಲ್ಲಿ ನಮಗೊಂದು ಚಾಳಿ ಇದೆ. ಯಾವುದೇ ಕಥೆ ಬಂದರೂ ಮೊದಲು ಕೇಳೋದು, 'ಇದರಲ್ಲಿ ವಿಲನ್ ಯಾರು?' ಅಂತ. ವಿಲನ್ ಸಿಕ್ಕಿದರೆ ರಾತ್ರಿಯ ಚರ್ಚೆಗೆ ವಸ್ತು ಸಿಕ್ಕಿತು. ಸಿಗಲಿಲ್ಲವೋ, ಅದು ತೆರೆಯ ಕೆಳಗೆ ಓಡುವ ಪಟ್ಟಿಗೆ ಹೋಯಿತು. ವರ್ಷಗಟ್ಟಲೆ ಇದನ್ನೇ ಮಾಡಿಕೊಂಡು ಬಂದ ನಾನು ಮೊನ್ನೆ ಭಾನುವಾರ ಮಗಳ ಪಕ್ಕ ಕೂತು ಒಂದು ಜಪಾನಿ ಕಾರ್ಟೂನ್ ಸಿನಿಮಾ ನೋಡಿದೆ. 86 ನಿಮಿಷ. ವಿಲನ್ನೂ ಇಲ್ಲ, ಹೊಡೆದಾಟವೂ ಇಲ್ಲ. ಆದರೂ ನಾನು ಎದ್ದು ಹೋಗಲಿಲ್ಲ. ಫೋನ್ ಕೂಡ ಮುಟ್ಟಲಿಲ್ಲ!

ಸಿನಿಮಾದ ಹೆಸರು 'ಮೈ ನೇಬರ್ ಟೊಟೊರೊ'. ಮಾಡಿದವರು ಹಯಾವೊ ಮಿಯಾಝಾಕಿ. ಕಥೆ ಇಷ್ಟೇ: 1950ರ ದಶಕದ ಜಪಾನ್. ಅಪ್ಪನ ಜೊತೆ ಇಬ್ಬರು ಹೆಣ್ಣುಮಕ್ಕಳು ಹಳ್ಳಿಯ ಹಳೇ ಮನೆಗೆ ಬರ್ತಾರೆ. ದೊಡ್ಡವಳು ಸತ್ಸುಕಿ, ಚಿಕ್ಕವಳು ಮೇಯಿ, ವಯಸ್ಸು ನಾಲ್ಕು. ಅಮ್ಮ ಆಸ್ಪತ್ರೆಯಲ್ಲಿ. ಮನೆ ಪಕ್ಕದ ದೊಡ್ಡ ಮರದ ಬುಡದಲ್ಲಿ ಟೊಟೊರೊ ಅನ್ನೋ ಒಂದು ಭಾರೀ ಹೊಟ್ಟೆಯ ಪ್ರಾಣಿ. ನಿದ್ದೆ ಮಾಡೋದೇ ಅದರ ಮುಖ್ಯ ಕೆಲಸ. ಮಳೆಯಲ್ಲಿ ಬಸ್ ಸ್ಟಾಪಿನಲ್ಲಿ ಸತ್ಸುಕಿ ಅದಕ್ಕೊಂದು ಕೊಡೆ ಕೊಡ್ತಾಳೆ. ಕೊಡೆ ಇರೋದು ನೆನೆಯದಿರೋಕೆ ಅಂತ ಅದಕ್ಕೆ ಗೊತ್ತಿಲ್ಲ. ಹನಿ ಬಿದ್ದಾಗ ಬರೋ ಟಪ್ ಟಪ್ ಸದ್ದಿಗೇ ಅದು ಖುಷಿಯಾಗಿ, ಒಮ್ಮೆ ಜೋರಾಗಿ ನೆಗೆಯುತ್ತೆ ನೋಡಿ, ಮರದ ಮೇಲಿದ್ದ ನೀರೆಲ್ಲ ಒಟ್ಟಿಗೆ ದಬದಬ ಬೀಳುತ್ತೆ. ಮಗಳು ನಕ್ಕು ನಕ್ಕು ಸೋಫಾದಿಂದ ಜಾರಿದಳು.

ಈಗ ಇತಿಹಾಸಕ್ಕೆ ಬರೋಣ. 1988ರ ಏಪ್ರಿಲ್ 16. ಈ ಸಿನಿಮಾ ಬಿಡುಗಡೆಯಾದ ದಿನ. ಅದು ಒಂಟಿಯಾಗಿ ಬರಲಿಲ್ಲ ಸ್ವಾಮಿ. ಎರಡು ಮಕ್ಕಳು, ಒಂದು ಕಾಡುಪ್ರಾಣಿ, ಇಷ್ಟನ್ನೇ ನಂಬಿ ದುಡ್ಡು ಹಾಕೋಕೆ ಹಣ ಕೊಡುವವರು ಹಿಂದೇಟು ಹಾಕಿದ್ದರು. ಕೊನೆಗೆ ಸಿಕ್ಕ ದಾರಿ, ಜೋಡಿ ಪ್ರದರ್ಶನ. ಒಂದು ಟಿಕೆಟಿಗೆ ಎರಡು ಚಿತ್ರ. ಟೊಟೊರೊಗೆ ಜೊತೆಯಾದ ಇನ್ನೊಂದು ಚಿತ್ರ ಯಾವುದು ಗೊತ್ತಾ? ಅದೇ ಜಿಬ್ಲಿ ಸ್ಟುಡಿಯೋದಲ್ಲಿ ಇಸಾವೊ ತಾಕಾಹಾತಾ ಮಾಡಿದ 'ಗ್ರೇವ್ ಆಫ್ ದಿ ಫೈರ್‌ಫ್ಲೈಸ್'. ಎರಡನೇ ಮಹಾಯುದ್ಧದ ಕೊನೆ, ಕೋಬೆ ನಗರದ ಮೇಲೆ ಅಮೆರಿಕದ ಬೆಂಕಿಬಾಂಬು. ಸುಟ್ಟಗಾಯಗಳಿಂದ ಅಮ್ಮ ಸಾಯ್ತಾಳೆ. ಉಳಿದ ಅಣ್ಣ-ತಂಗಿ ಅನ್ನ ಸಿಗದೆ ಸಾಯ್ತಾರೆ. ತಂಗಿ ಸೆತ್ಸುಕೊಗೆ ವಯಸ್ಸೆಷ್ಟು? ನಾಲ್ಕು.

ಯೋಚನೆ ಮಾಡಿ. ಮಕ್ಕಳ ಕೈ ಹಿಡಿದು ಬಂದ ಅಪ್ಪ-ಅಮ್ಮ ಒಂದೇ ಕುರ್ಚಿಯಲ್ಲಿ ಕೂತು ಎರಡು ನಾಲ್ಕು ವರ್ಷದ ಹುಡುಗಿಯರನ್ನು ನೋಡಬೇಕು. ಒಬ್ಬಳು ಬೆಕ್ಕಿನ ಬಸ್ಸು ಹತ್ತುತ್ತಾಳೆ, ಇನ್ನೊಬ್ಬಳು ಹಸಿವಿನಿಂದ ಕಣ್ಣು ಮುಚ್ಚುತ್ತಾಳೆ. ಯಾವುದನ್ನು ಮೊದಲು ನೋಡಿದರೂ ಕಷ್ಟವೇ. ಗಲ್ಲಾಪೆಟ್ಟಿಗೆ ತುಂಬಲಿಲ್ಲ ಅಂದರೆ ಆಶ್ಚರ್ಯ ಏನಿದೆ?

ಇದು ಎಂಥಾ ದಡ್ಡತನದ ಜೋಡಿ ಅಂತ ನಾನೂ ಮೊದಲು ಅಂದುಕೊಂಡೆ. ಆಮೇಲೆ ಅನ್ನಿಸಿದ್ದು ಬೇರೆ. ಟೊಟೊರೊದಲ್ಲೂ ಸಾವಿನ ಭಯ ಇದೆ ಕಣ್ರೀ, ಕೂಗಾಡೋದಿಲ್ಲ ಅಷ್ಟೇ. ಮಿಯಾಝಾಕಿ ಹುಟ್ಟಿದ್ದು 1941ರಲ್ಲಿ. ಅವರಿನ್ನೂ ಚಿಕ್ಕ ಹುಡುಗ, ಅಷ್ಟರಲ್ಲಿ ತಾಯಿಗೆ ಬೆನ್ನುಮೂಳೆಯ ಕ್ಷಯ. ಆಸ್ಪತ್ರೆ, ಆಮೇಲೆ ಮನೆಯಲ್ಲೇ ಹಾಸಿಗೆ, ಹೀಗೆ ವರ್ಷಾನುಗಟ್ಟಲೆ. ಕ್ಷಯ ಅಂದರೆ ಆ ಕಾಲಕ್ಕೆ ಏನು ಅರ್ಥ ಅಂತ ನಮ್ಮ ಮನೆಗಳ ಹಿರಿಯರನ್ನು ಕೇಳಿ. ಆ ಹೆಸರನ್ನು ಗಟ್ಟಿಯಾಗಿ ಹೇಳೋಕೂ ಹೆದರುತ್ತಿದ್ದರು. ಸಿನಿಮಾದಲ್ಲೂ ಅಮ್ಮನ ಕಾಯಿಲೆಯ ಹೆಸರನ್ನು ಯಾರೂ ಹೇಳೋದಿಲ್ಲ.

ಇನ್ನೊಂದು ಸಂಗತಿ. ಮೊದಲು ಯೋಚಿಸಿದ್ದ ಕಥೆಯಲ್ಲಿ ಇದ್ದಿದ್ದು ಒಬ್ಬಳೇ ಹುಡುಗಿ. ಆಮೇಲೆ ಅವಳನ್ನೇ ಇಬ್ಬರನ್ನಾಗಿ ಮಾಡಿದರು. ಸತ್ಸುಕಿ ಅಂದರೆ ಜಪಾನಿನ ಹಳೇ ಲೆಕ್ಕದಲ್ಲಿ ಐದನೇ ತಿಂಗಳು. ಮೇಯಿ ಅಂದರೆ ಇಂಗ್ಲಿಷಿನ ಮೇ. ಹಳೇ ಪೋಸ್ಟರಿನಲ್ಲಿ ಇವತ್ತಿಗೂ ಬಸ್ ಸ್ಟಾಪಿನಲ್ಲಿ ಟೊಟೊರೊ ಪಕ್ಕ ನಿಂತಿರೋದು ಒಬ್ಬಳೇ ಹುಡುಗಿ.

ಆ ಒಂದು ದೃಶ್ಯದ ಬಗ್ಗೆ ಹೇಳಲೇಬೇಕು. ಅಮ್ಮ ಶನಿವಾರ ಮನೆಗೆ ಬರಬೇಕಿತ್ತು. ಟೆಲಿಗ್ರಾಂ ಬರುತ್ತೆ, ಆಮೇಲೆ ಗೊತ್ತಾಗುತ್ತೆ, ಅಮ್ಮ ಬರೋದಿಲ್ಲ ಅಂತ. ಅಲ್ಲಿಯವರೆಗೂ ಅಡುಗೆ ಮಾಡಿ, ಬುತ್ತಿ ಕಟ್ಟಿ, ತಂಗಿಯ ತಾಯಿಯಂತಿದ್ದ ಸತ್ಸುಕಿ ಪಕ್ಕದ ಮನೆ ಅಜ್ಜಿಯ ಎದುರು ಬಿಕ್ಕಿ ಬಿಕ್ಕಿ ಅಳ್ತಾಳೆ. ಅಮ್ಮ ಸತ್ತುಹೋದರೆ ಏನು ಮಾಡೋದು ಅಂತ. ಅಕ್ಕ ಅಳೋದನ್ನು ಮೇಯಿ ನೋಡ್ತಾಳೆ. ನೋಡಿದವಳೇ ಒಂದು ಮೆಕ್ಕೆಜೋಳದ ತೆನೆ ತಬ್ಬಿಕೊಂಡು ಆಸ್ಪತ್ರೆಗೆ ಒಬ್ಬಳೇ ಹೊರಡ್ತಾಳೆ. ತಾಜಾ ತರಕಾರಿ ತಿಂದರೆ ಅಮ್ಮ ಹುಷಾರಾಗ್ತಾಳೆ ಅಂತ ಅವಳ ನಂಬಿಕೆ. ಮಗು ಕಾಣೆ. ಕೆರೆಯಲ್ಲಿ ಒಂದು ಪುಟ್ಟ ಚಪ್ಪಲಿ ಸಿಗುತ್ತೆ. ಊರಿಗೆ ಊರೇ ದಡದಲ್ಲಿ. ನಮ್ಮ ಸೋಫಾದಲ್ಲಿ ನಗು ನಿಂತಿತ್ತು. ಮಗಳು ನನ್ನ ತೋಳು ಹಿಡಿದು ಕೇಳಿದಳು, 'ಅಪ್ಪಾ, ಅದು ಮೇಯಿದಾ?' ಅಲ್ಲ ಪುಟ್ಟಾ, ಅವಳದ್ದಲ್ಲ.

ಥಿಯೇಟರಿನಲ್ಲಿ ಸೋತ ಈ ಚಿತ್ರವನ್ನು ಎತ್ತಿ ಹಿಡಿದಿದ್ದು ಟೀವಿ. ನಮ್ಮ ಕಸುಬಿನವರು ಹೆಮ್ಮೆಪಡೋಕೆ ಅಪರೂಪಕ್ಕೆ ಸಿಗೋ ವಿಷಯ, ಬಿಡ್ತೀನಾ! ನಿಪ್ಪಾನ್ ಟೀವಿ ಮರುವರ್ಷ ತೋರಿಸಿತು, ಆಮೇಲೆ ಮತ್ತೆ ಮತ್ತೆ ತೋರಿಸಿತು. ಬೊಂಬೆಗಳು ಬಂದವು, ಅವುಗಳ ಮಾರಾಟವೇ ಸ್ಟುಡಿಯೋಗೆ ಆಸರೆಯಾಯಿತು. ಟೊಟೊರೊ ಜಿಬ್ಲಿಯ ಲಾಂಛನವಾಯಿತು. ಕಥೆಗೆ ಸ್ಫೂರ್ತಿಯಾದ, ಟೋಕಿಯೋ ಪಕ್ಕದ ಸಯಾಮಾ ಗುಡ್ಡಗಳ ಕಾಡನ್ನು ಮನೆ ಕಟ್ಟುವವರಿಂದ ಉಳಿಸೋಕೆ ಜನ ಚಂದಾ ಎತ್ತಿ, 1991ರಿಂದ ತುಂಡು ತುಂಡಾಗಿ ಕೊಳ್ಳೋಕೆ ಶುರುಮಾಡಿದರು. ಚೀನಾದ ಥಿಯೇಟರುಗಳಿಗೆ ಟೊಟೊರೊ ಬಂದಿದ್ದು 2018ರ ಡಿಸೆಂಬರಿನಲ್ಲಿ, ಮೂವತ್ತು ವರ್ಷ ತಡವಾಗಿ.

ಮಿಯಾಝಾಕಿಯವರ ತಾಯಿ ಆ ಕಾಯಿಲೆಯಿಂದ ಎದ್ದು ಬಂದರು, ಮಗ ದೊಡ್ಡ ನಿರ್ದೇಶಕನಾಗುವ ಹೊತ್ತಿನವರೆಗೂ ಬದುಕಿದ್ದರು. ತೀರಿಕೊಂಡಿದ್ದು 1983ರಲ್ಲಿ. ಟೊಟೊರೊ ನೋಡಲಿಲ್ಲ.

ಸಿನಿಮಾ ಮುಗಿದು ಹೆಸರುಗಳು ಓಡೋಕೆ ಶುರುವಾದಾಗ ನಾನು ರಿಮೋಟ್ ಎತ್ತಿದೆ. ಮಗಳು ಕೈ ತಡೆದಳು. ಹೆಸರುಗಳ ಜೊತೆ ಚಿಕ್ಕ ಚಿಕ್ಕ ಚಿತ್ರಗಳು ಬರ್ತಾ ಇದ್ದವು. ಒಂದರಲ್ಲಿ ಅಮ್ಮ ಕಾರಿಳಿದು ಮನೆಗೆ ಬಂದಿದ್ದಾಳೆ. ಇನ್ನೊಂದರಲ್ಲಿ ಮಕ್ಕಳ ಜೊತೆ ಹಾಸಿಗೆಯಲ್ಲಿ ಪುಸ್ತಕ ಓದುತ್ತಿದ್ದಾಳೆ. 'ಬಂದಳು ನೋಡು' ಅಂದಳು ಮಗಳು. ಹಿಂದಕ್ಕೆ ಓಡಿಸಿ ಅದನ್ನೇ ಮೂರು ಸಲ ನೋಡಿದೆವು.